ವಾರ್ಡಿನ ಬಾಗಿಲಲ್ಲಿ ಹೇಳಿದ ಸಂಬಂಧ

ಗುಂಗುರು ಸತ್ತು ತಿಂಗಳಾಗುವ ಮೊದಲೇ ಅವನ ಅಣ್ಣ ಅಂಗಡಿಗೆ ಬಂದು ಕುರ್ಚಿ, ಕನ್ನಡಿ ಎಲ್ಲವನ್ನೂ ಎಣಿಸಿಕೊಂಡು ಹೋದ. ಇದ್ದದ್ದು ಎರಡು ಕುರ್ಚಿ, ಎರಡು ಕನ್ನಡಿ. ಅದಕ್ಕೆ ಅಷ್ಟು ಹೊತ್ತು ಯಾಕೆ ಬೇಕಾಯಿತೋ.

ಗುಂಗುರು ಎಂದರೆ ನನ್ನವನು. ಕ್ಷೌರದಂಗಡಿ ಇಟ್ಟುಕೊಂಡಿದ್ದ. ತಲೆ ಅಂಗೈಯಷ್ಟು ನುಣ್ಣಗಿತ್ತು, ಬೀದಿಯವರು ಬೇಕೆಂದೇ ಆ ಹೆಸರಿಟ್ಟಿದ್ದರು. ಮುಂದಿನ ಕುರ್ಚಿ ಅವನದು, ಪರದೆಯ ಹಿಂದೆ ಹೆಂಗಸರ ಕುರ್ಚಿ ನನ್ನದು, ಮಹಡಿಯ ಕೋಣೆಯಲ್ಲಿ ನಮ್ಮ ಸಂಸಾರ. ಮದುವೆ ಮಾತ್ರ ಆಗಿರಲಿಲ್ಲ. ಅಂಗಡಿ ಕುದುರಲಿ ಎಂದು ಕಾದೆವು. ಕುದುರುವಷ್ಟರಲ್ಲಿ ನನ್ನ ಕೂದಲು ನೆರೆತಿತ್ತು, ಈ ವಯಸ್ಸಿನಲ್ಲಿ ಏನು ಎಂದು ನಾಚಿಕೆಯಾಯಿತು. ಉಯಿಲಿನ ಕಥೆಯೂ ಅಷ್ಟೇ. ನಾನು ಅವನ ಬದುಕಿಗೆ ಬರುವ ಮೊದಲೇ ಎಲ್ಲವನ್ನೂ ಅಣ್ಣನಿಗೆ ಬರೆದಿಟ್ಟಿದ್ದ. "ಬದಲಾಯಿಸ್ತೀನಿ ಕಣೇ, ನಾನೇನು ನಾಳೆನೇ ಸಾಯ್ತೀನಾ" ಎನ್ನುತ್ತಿದ್ದ. ಸೋಮಾರಿ. ಸತ್ತಿದ್ದಾನೆಂದು ನಾನು ಸಿಟ್ಟು ಬಿಟ್ಟಿಲ್ಲ.

ಪಾಲು ಕೇಳಲು ವಕೀಲೆಯ ಹತ್ತಿರ ಹೋದೆ. ಚಿಕ್ಕ ವಯಸ್ಸು, ಮಾತು ಖಡಕ್ಕು.

"ಮದುವೆ ಆಗದಿದ್ರೂ ಗಂಡ ಹೆಂಡತಿ ಹಾಗೇ ಬಾಳಿದ್ರಿ ಅಂತ ತೋರಿಸಿದ್ರೆ ಕೋರ್ಟು ಏನಾದ್ರೂ ಕೊಡಬಹುದು. ಬೇರೆ ಏನೋ ಸಂಬಂಧ ಅಂತ ಯಾರಿಗಾದ್ರೂ ಹೇಳಿದ್ದೀರಾ?"

ಹೇಳಿದ್ದೆ. ಆಸ್ಪತ್ರೆಯ ವಾರ್ಡಿನೊಳಗೆ ಮನೆಯವರನ್ನು ಬಿಟ್ಟು ಇನ್ಯಾರನ್ನೂ ಬಿಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತ ನರ್ಸು, "ನೀವು ಇವರಿಗೆ ಏನಾಗಬೇಕು?" ಎಂದಳು. ಹೆಂಡತಿ ಎಂದರೆ ಮದುವೆಯ ಪತ್ರ ತೋರಿಸು ಎಂದಾಳೆಂದು ಹೆದರಿ, "ತಂಗಿ" ಎಂದುಬಿಟ್ಟೆ. ತಂಗಿಯ ಹತ್ತಿರ ಯಾರೂ ಪತ್ರ ಕೇಳುವುದಿಲ್ಲ. ಗುಂಗುರುವಿಗೆ ಹೇಳಿದಾಗ ಕೆಮ್ಮು ಬರುವವರೆಗೂ ನಕ್ಕ. ಆಮೇಲೆ ನರ್ಸುಗಳು ಬಂದಾಗಲೆಲ್ಲ, "ನಮ್ಮ ತಂಗಿಗೆ ಸ್ವಲ್ಪ ಬಾಯಿ ಜೋರು, ಬೇಜಾರು ಮಾಡ್ಕೋಬೇಡಿ" ಎಂದು ಅವರೆದುರೇ ನನ್ನ ಕಾಲೆಳೆಯುತ್ತಿದ್ದ. ಗಡ್ಡ ಹೆರೆಯುವಾಗ ನಾನು ಅವನ ಮೂಗಿಗೆ ನೊರೆ ಮೆತ್ತಿ ಸೇಡು ತೀರಿಸಿಕೊಳ್ಳುತ್ತಿದ್ದೆ.

ವಕೀಲೆ ನಗಲಿಲ್ಲ. "ಆ ನರ್ಸು ಸಾಕ್ಷಿ ಹೇಳಿದ್ರೆ ನಮ್ಮ ಕೇಸು ನಿಲ್ಲೋದು ಕಷ್ಟ" ಎಂದಳು.

ಅಣ್ಣ ಅಷ್ಟರಲ್ಲಿ ಆಸ್ಪತ್ರೆಗೂ ಹೋಗಿ ವಿಚಾರಿಸಿಕೊಂಡು ಬಂದಿದ್ದ. ಆದರೆ ಜಗಳಕ್ಕೆ ಬರಲಿಲ್ಲ, ರಾಜಿಗೆ ಬಂದ. ವಕೀಲೆಯ ಮೇಜಿನ ಆಚೆ ಕೂತು ಒಂದು ಕಾಗದವನ್ನು ನನ್ನ ಕಡೆ ಸರಿಸಿದ. ಕೆಟ್ಟ ಮನುಷ್ಯನಲ್ಲ. ಕಿವಿಗಳು ಥೇಟ್ ತಮ್ಮನವೇ, ಅದಕ್ಕೇ ನಾನು ಅವನ ಮುಖ ನೋಡದೆ ಕೂತಿದ್ದೆ.

"ನೀವಿರೋವರೆಗೂ ಮೇಲಿನ ಕೋಣೆ ನಿಮ್ಮದೇ, ನಿಮ್ಮ ಕುರ್ಚೀನೂ ನಿಮ್ಮದೇ. ಯಾರೂ ಎಬ್ಬಿಸಲ್ಲ. ಇದೊಂದು ಸಾಲು ಒಪ್ಕೊಳ್ಳಿ ಸಾಕು."

'ಇವರು ಮೃತರೊಂದಿಗೆ ಸಹೋದರಿಯಂತೆ ವಾಸವಾಗಿದ್ದರು' ಎಂದು ಬರೆದಿತ್ತು.

"ನಮ್ಮಮ್ಮ ಇನ್ನೂ ಇದಾರೆ" ಎಂದ ಅವನು, ದನಿ ತಗ್ಗಿಸಿ. "ಮಗ ಯಾರನ್ನೋ ಇಟ್ಕೊಂಡಿದ್ದ ಅಂತ ಈ ವಯಸ್ಸಲ್ಲಿ ಅವರ ಕಿವಿಗೆ ಬೀಳೋದು ಬೇಡ. ಆಸ್ಪತ್ರೇಲಿ ನೀವೇ ಹೇಳಿದ ಮಾತು ತಾನೇ, ತಂಗಿ."

ವಕೀಲೆ ನನ್ನ ಕಡೆ ಬಾಗಿದಳು. "ಸಹಿ ಹಾಕಿ, ಅಮ್ಮಾ. ಕೋರ್ಟಿಗೆ ಹೋದ್ರೆ ಇಷ್ಟೂ ಸಿಗದೆ ಹೋಗಬಹುದು."

ಅವಳು ಹೇಳಿದ್ದು ಸರಿಯಿತ್ತು. ನನಗೆ ಬೇರೆ ಸೂರಿಲ್ಲ. ಪೆನ್ನು ತೆಗೆದುಕೊಂಡೆ, ಕಾಗದದ ಮೇಲೆ ಬಗ್ಗಿದೆ ಕೂಡ. ಅವನು ಹೋದ ದಿನ ನೆನಪಾಯಿತು. ಮುಖದ ಮೇಲೆ ಬಟ್ಟೆ ಎಳೆಯುವಾಗ ನರ್ಸುಗಳು ಸುತ್ತ ನಿಂತಿದ್ದರು. ಅವನ ಎದೆಯ ಮೇಲೆ ಬೀಳಬೇಕೆನಿಸಿತ್ತು, ಆದರೆ ತಂಗಿ ಎಷ್ಟು ಅಳಬಹುದೋ ಅಷ್ಟೇ ಅತ್ತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಆಚೆ ಬಂದಿದ್ದೆ. ಮಿಕ್ಕದ್ದು ಇವತ್ತಿಗೂ ಒಳಗೇ ಇತ್ತು.

"ನನ್ನಿಂದ ಆಗಲ್ಲ" ಎಂದೆ.

"ಒಂದು ಸಾಲಿಗೋಸ್ಕರ ಬೀದಿಗೆ ಬೀಳ್ತೀರಾ?" ಎಂದ ಅಣ್ಣ.

"ಆವತ್ತು ಸುಳ್ಳು ಹೇಳಿದ್ದಕ್ಕೆ ಅವರ ಮುಖ ನೋಡೋಕೆ ಸಿಕ್ತು. ಇವತ್ತು ಹೇಳಿದ್ರೆ ಯಾರ ಮುಖ ನೋಡ್ಲಿ?"

ನಾನು ಪೆನ್ನನ್ನು ಅವನ ಮುಂದಿಟ್ಟೆ. ಆಮೇಲೆ ಅಲ್ಲೇ, ಆ ಮೇಜಿನ ಮೇಲೆ ತಲೆಯಿಟ್ಟು, ಅವರಿಬ್ಬರ ಎದುರಿಗೇ, ಗಂಡ ಸತ್ತವಳು ಅಳುವ ಹಾಗೆ ಅತ್ತೆ.