ಹದಿನೇಳನೆಯ ಚೀಟಿ

"ಹದಿನೇಳು!" ತಾಮ್ರದ ಕಾಫಿಪಾತ್ರೆಯಿಂದ ಚೀಟಿ ಎತ್ತಿದ ವೆಲ್ಕೊ, ಪ್ರೊಫೆಸರರ ಹಾಗೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ. "ಹೃದಯದ ಕೆಳಗೋಡೆಗೆ ಆಘಾತ. ರಾದಿನಾ ಅಮ್ಮನವರೇ, ಎದ್ದು ನಿಂತು ಉತ್ತರ ಕೊಡಿ."

"ಕೂತೇ ಕೊಡ್ತೀನಿ ಅಪ್ಪಾ. ಬೆಳಿಗ್ಗೆಯಿಂದ ಹದಿನಾರು ಮುಗ್ಸಿದೀನಿ, ಸೊಂಟ ಬಿದ್ದೋಯ್ತು."

ನಾಳೆ ಪ್ಲೊವ್ಡಿವ್ ನಗರದಲ್ಲಿ ವೈದ್ಯಕೀಯದ ಕೊನೆಯ ಮೌಖಿಕ ಪರೀಕ್ಷೆ. ಮೇಜಿನ ಮೇಲೆ ಚೀಟಿಗಳನ್ನು ಮಗುಚಿಟ್ಟಿರುತ್ತಾರೆ. ಕೈಗೆ ಬಂದದ್ದೇ ಪ್ರಶ್ನೆ. ಹಾಗಾಗಿ ರಾದಿನಾ ಮತ್ತು ಅವಳ ಸಹಪಾಠಿ ಸ್ತೊಯಿಲ್ ಅಡುಗೆಮನೆಯಲ್ಲೇ ಪರೀಕ್ಷೆ ಹೂಡಿದ್ದರು. ಚೀಟಿ ಎತ್ತುವವನೂ ರೋಗಿಯೂ ಅವಳ ಅಪ್ಪ ವೆಲ್ಕೊನೇ. ಮೂವತ್ತು ವರ್ಷ ಕ್ಷೌರದಂಗಡಿ ನಡೆಸಿದವನಿಗೆ ಗಿರಾಕಿಗಳ ಕೆಮ್ಮು, ಏದುಸಿರು, ಗೊಣಗಾಟ ಎಲ್ಲ ಬಾಯಿಪಾಠ. ಹೃದಯದ ಕವಾಟ ಕೆಟ್ಟ ಅಂಚೆಯವನಾಗಿ ಅವನು ಏದುಸಿರು ಬಿಟ್ಟಾಗ ಸ್ತೊಯಿಲ್ ಆರಕ್ಕೆ ನಾಲ್ಕು ಅಂಕ ಕೊಟ್ಟಿದ್ದ.

"ಸರಿ, ರೋಗಿ ಬರ್ಲಿ," ಎಂದಳು ರಾದಿನಾ.

ವೆಲ್ಕೊ ಮೆಲ್ಲಗೆ ಕುರ್ಚಿಯಲ್ಲಿ ಕೂತ. ಚೀಟಿ ಕೈಜಾರಿ ಕೆಳಗೆ ಬಿತ್ತು. ಅಂಗೈಯನ್ನು ಹೊಟ್ಟೆಯ ಮೇಲ್ಭಾಗಕ್ಕೆ ಒತ್ತಿಕೊಂಡ.

"ಇಲ್ಲಿ... ಏನೋ ಭಾರ. ಆ ಹುರಿದ ಮೆಣಸಿನಕಾಯಿ ತಿಂದೆನಲ್ಲ, ಅದೇ ಇರ್ಬೇಕು."

ಸ್ತೊಯಿಲ್ ಚಪ್ಪಾಳೆ ತಟ್ಟಿದ. "ಆಹಾ ಮಾವ! ಹೃದಯದ ನೋವನ್ನ ಹೊಟ್ಟೆನೋವು ಅಂತ ಊಟದ ಮೇಲೆ ಹಾಕೋದು, ಪುಸ್ತಕದಲ್ಲಿರೋ ಹಾಗೇ!"

"ವಾಕರಿಕೆ?" ರಾದಿನಾ ಪೆನ್ನು ಹಿಡಿದು ಕೇಳಿದಳು.

"ಬರ್ತಿದೆ."

"ಬೆವರು?"

"ತಣ್ಣಗೆ... ಬೆನ್ನೆಲ್ಲ."

"ಆರಕ್ಕೆ ಆರು!" ಎಂದು ಕೂಗಿದ ಸ್ತೊಯಿಲ್.

"ಏನು ಆರು? ಚೀಟಿ ಹಿಂದೆ ಲಕ್ಷಣ ಬರ್ದಿರೋದು ನೋಡ್ಕೊಂಡು ಹೇಳ್ತಿದೀಯ. ಮೋಸ ಅಪ್ಪಾ ಇದು!" ರಾದಿನಾ ನಗುತ್ತಲೇ ಬಗ್ಗಿ ಚೀಟಿ ಎತ್ತಿ ತಿರುಗಿಸಿದಳು.

ಹಿಂದೆ ಏನೂ ಬರೆದಿರಲಿಲ್ಲ.

ಅವಳು ತಲೆಯೆತ್ತಿದಳು. ಅಪ್ಪನ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಮಣಿಕಟ್ಟು ಹಿಡಿದರೆ ತೊಳೆದ ಮೀನಿನಂತೆ ತಣ್ಣಗಿತ್ತು. ಗಡಿಯಾರ ನೋಡುತ್ತ ಎಣಿಸಿದಳು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಹಿಂದೆಂದೂ ಅಷ್ಟು ಹೊತ್ತು ಕಾದದ್ದು ಅವಳಿಗೆ ನೆನಪಿರಲಿಲ್ಲ.

ಸ್ತೊಯಿಲ್ ಕಪಾಟಿನತ್ತ ಹಾರಿದ. "ನಿಮ್ಮಜ್ಜಿಯ ಎದೆನೋವಿನ ಮಾತ್ರೆ ಇದೆ, ನಾಲಿಗೆ ಕೆಳಗಿಡೋದು..."

"ಬೇಡ!" ಅವಳು ಕಿರುಚಿದ್ದಕ್ಕೆ ಅವನ ಕೈ ಅಲ್ಲೇ ನಿಂತಿತು. "ನಾಡಿ ನಲವತ್ತು. ಕೆಳಗೋಡೆಗೆ ಪೆಟ್ಟು ಬಿದ್ದು ನಾಡಿ ನಿಧಾನ ಇದ್ದಾಗ ಅದನ್ನ ಕೊಡಬಾರದು, ರಕ್ತದೊತ್ತಡ ಕುಸಿದೇ ಹೋಗುತ್ತೆ. ಆಸ್ಪಿರಿನ್ ತಾ, ಜಗಿಸ್ಬೇಕು. ಆಂಬುಲೆನ್ಸಿಗೆ ಫೋನ್ ಮಾಡು. ಬಾಗಿಲು ತೆಗೆದಿಡು." ಕಂಠಪಾಠ ಒಪ್ಪಿಸುವ ಅದೇ ದನಿ, ಅವಳಿಗೇ ಅದು ಬೇರೆ ಯಾರದೋ ಎನಿಸಿತು.

ವೆಲ್ಕೊ ಆಸ್ಪಿರಿನ್ ಜಗಿಯುತ್ತ ಕಷ್ಟಪಟ್ಟು ಅವಳತ್ತ ನೋಡಿದ.

"ಕೂತೇ ಉತ್ತರ ಕೊಡ್ತೀನಿ ಅಂದಿದ್ದೆ ನೀನು," ಎಂದ. "ನಿಂತಿದೀಯ ನೋಡು."

ಹನ್ನೊಂದು ನಿಮಿಷಕ್ಕೆ ಆಂಬುಲೆನ್ಸಿನವರು ಬಂದರು. ಸ್ಟ್ರೆಚರ್ ಹೊಸ್ತಿಲಿಗೆ ಬಂದಾಗ ಆಮ್ಲಜನಕದ ಮುಖವಾಡದ ಮೇಲಿಂದ ಅಪ್ಪನ ಕಣ್ಣು ಬಾಗಿಲ ಮೂಲೆಗೆ ಹೋಯಿತು. ಅಲ್ಲಿ ತುಂಬಿದ ತಂಬಿಗೆ ಇತ್ತು. ಶಾಲೆಯ ದಿನಗಳಿಂದಲೂ ಅವಳು ಪರೀಕ್ಷೆಗೆ ಹೊರಟಾಗಲೆಲ್ಲ, ಕೆಲಸ ನೀರಿನಂತೆ ಸರಾಗವಾಗಲಿ ಎಂದು ಊರ ರೂಢಿಯಂತೆ ಅವನು ಅವಳ ಕಾಲ ಮುಂದೆ ನೀರು ಸುರಿಯುತ್ತಿದ್ದ. ನಾಳೆಗೆಂದು ಬೆಳಿಗ್ಗೆಯೇ ತುಂಬಿಸಿಟ್ಟಿದ್ದ.

ರಾದಿನಾ ಸ್ಟ್ರೆಚರಿನವರನ್ನು ಸರಿಸಿ ಮುಂದೆ ನುಗ್ಗಿ, ತಂಬಿಗೆಯನ್ನೆತ್ತಿ ಪೂರ್ತಿ ಮೆಟ್ಟಿಲ ಮೇಲೆ ಸುರಿದಳು.

"ಏಯ್, ಜಾರುತ್ತಮ್ಮಾ!" ಎಂದು ಗದರಿದ ಸ್ಟ್ರೆಚರಿನ ಮುಂಬದಿ ಹಿಡಿದಿದ್ದವನು ಅವಳ ಕೈಯ ಖಾಲಿ ತಂಬಿಗೆ ನೋಡಿದ. ಮೆಟ್ಟಿಲಿನ ಒಣ ಅಂಚು ಬಿಟ್ಟು, ಬೇಕೆಂದೇ ನೀರಿನ ಮೇಲೆ ಕಾಲಿಟ್ಟು ಇಳಿದ.

ಅವಳು ಹಿಂದೆಯೇ ಬರಿಗಾಲಲ್ಲಿ ಇಳಿದಳು. ನೀರು ಅವಳಿಗಿಂತ ಮುಂದಾಗಿ ಮೆಟ್ಟಿಲಿಂದ ಮೆಟ್ಟಿಲಿಗೆ ಹರಿಯುತ್ತಿತ್ತು. ಮುಷ್ಟಿಯಲ್ಲಿದ್ದ ಚೀಟಿ ಬೆವರಿಗೆ ಒದ್ದೆಯಾಗಿತ್ತು.