ಮೊಳೆ ಕಾಣದ ಗೋಡೆ

"ನಿಮ್ಮ ಗೋಡೆಗೆ ಒಂದು ಮೊಳೆ ಹೊಡ್ಯಾಕಿಲ್ಲ ಯಜಮಾನ್ರೇ" ಎಂದು ಹದಿನೇಳು ವರ್ಷದ ಹಿಂದೆ ಟೈಲರ್ ಕಂಠಪ್ಪ ತನ್ನ ಅಪ್ಪನಿಗೆ ಕೊಟ್ಟಿದ್ದ ಮಾತು ಈ ಹೊತ್ತು ಮುರಿಯುತ್ತದೆ ಎಂದು ಷಣ್ಮುಖಪ್ಪ ಗೋಡೆಗೆ ಕಿವಿಗೊಟ್ಟು ಕೂತಿದ್ದ. ಗೋಡೆಯ ಆಚೆ ಕಂಠಪ್ಪನ ಹೆಣವಿತ್ತು. ಈಚೆ ಷಣ್ಮುಖಪ್ಪನ ಒಳಜೇಬಿನಲ್ಲಿ ಆ ಮನೆ ಬಿಡಿಸಲು ಬರೆಸಿಟ್ಟ, ತಾರೀಖು ಹಾಕದ ಅರ್ಜಿಯಿತ್ತು.

ಹುಣಸೂರಿನ ಆ ಬೀದಿಯಲ್ಲಿ ಒಂದೇ ಗೋಡೆಗೆ ಬೆನ್ನು ಕೊಟ್ಟ ಎರಡು ಮನೆ. ಒಂದರಲ್ಲಿ ಮಾಲೀಕ ಷಣ್ಮುಖಪ್ಪ, ಇನ್ನೊಂದರಲ್ಲಿ ಬಾಡಿಗೆಗೆ ಕಂಠಪ್ಪ. ಬೆಳಗಾದರೆ ಸಾಕು, ಗೋಡೆಯೊಳಗಿಂದ ಹೊಲಿಗೆ ಮಿಷನ್ನಿನ ಸದ್ದು ಬರುತ್ತಿತ್ತು. ಇವತ್ತು ಆ ಸದ್ದು ಬರಲಿಲ್ಲವೆಂದೇ ಅವನಿಗೆ ಎಚ್ಚರವಾಗಿತ್ತು. ಅಳು ಕೇಳಿಸಿದ್ದು ಆಮೇಲೆ.

ಅವರಿಬ್ಬರ ಜನದಲ್ಲೂ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಬಳಿದು, ಗೋಡೆಗೊರಗಿಸಿ ಕೂರಿಸುತ್ತಾರೆ. ತಲೆ ವಾಲಬಾರದೆಂದು ಎರಡು ಮೊಳೆ ಹೊಡೆದು, ಹಣೆಗೆ ಸುತ್ತಿದ ಬಟ್ಟೆಯನ್ನು ಅವಕ್ಕೆ ಬಿಗಿಯುತ್ತಾರೆ. ಅಪ್ಪ ತೀರಿಕೊಂಡಾಗ ಷಣ್ಮುಖಪ್ಪನೇ ಹೊಡೆದಿದ್ದ ಮೊಳೆಗಳು ಅವನ ಕಡೆ ಇನ್ನೂ ಹಾಗೇ ಇದ್ದವು. ಒಂದಕ್ಕೆ ಅಂಗಿ ತಗುಲಿಹಾಕುತ್ತಿದ್ದ, ಇನ್ನೊಂದಕ್ಕೆ ಕೊಡೆ.

ಬಿಸಿಲು ಅಂಗಳಕ್ಕಿಳಿಯಿತು. ಆಚೆಯಿಂದ ಸುತ್ತಿಗೆಯ ಸದ್ದು ಮಾತ್ರ ಬರಲಿಲ್ಲ.

*

ಅದು ಅಪ್ಪ ರುದ್ರಸ್ವಾಮಿ ಕೆರೆಮಣ್ಣು ಹೊತ್ತು, ತಾನೇ ತುಳಿದು ಎಬ್ಬಿಸಿದ ಗೋಡೆ. ಒಂದು ಮೊಳೆಗೆ ಅಂಗೈಯಗಲ ಉದುರುವ ಮಣ್ಣು. ಅದಕ್ಕೇ ಬೀಗದಕೈ ಕೊಡುವಾಗ ಮುದುಕ ಬೇರೇನೂ ಕೇಳದೆ ಅದೊಂದು ಮಾತು ಕೇಳಿದ. ಕಂಠಪ್ಪ ಕೊಟ್ಟ. ಮುದುಕನೂ ತಿರುಗಿ ಒಂದು ಮಾತು ಕೊಟ್ಟ: "ಮೊಳೆ ಬೀಳೋಗಂಟ ನಿನ್ನ ಯಾರೂ ಎಬ್ಸಾಕಿಲ್ಲ ಕಣಪ್ಪ." ಷಣ್ಮುಖಪ್ಪ ಪಕ್ಕದಲ್ಲೇ ನಿಂತಿದ್ದ.

ಅಂದಿನಿಂದ ಕಂಠಪ್ಪನ ಮನೆಯಲ್ಲಿ ಎಲ್ಲವೂ ತೊಲೆಯಿಂದ ನೇತಾಡಿದವು. ಹೊಲಿದ ಅಂಗಿಗಳು, ಲಾಟೀನು, ಕ್ಯಾಲೆಂಡರು, ಮಗಳ ಶಾಲೆಯ ಚೀಲ. ಒಳಗೆ ಹೋದವರು ತಲೆ ತಗ್ಗಿಸಿಯೇ ನಡೆಯಬೇಕು.

ಅಪ್ಪ ಹೋದ. ಹೊಗೆಸೊಪ್ಪಿನ ವ್ಯಾಪಾರಿಯೊಬ್ಬ ಗೋಡೌನಿಗೆ ಆ ಮನೆ ಕೇಳಿದ. ಬಿಡು ಎಂದರೆ ಕಂಠಪ್ಪ, ಟೇಪನ್ನು ಷಣ್ಮುಖಪ್ಪನ ಎದೆಗೇ ಸುತ್ತಿ ಅಳತೆ ತೆಗೆಯುತ್ತ, "ಈಗ ಬಾಡಿಗೆದಾರ್ರಿಗೂ ಕಾಯ್ದೆ ಐತಲ್ಲಣ್ಣ" ಎಂದ, ಮೆತ್ತಗೆ. ಷಣ್ಮುಖಪ್ಪ ಮನೆ ಬಿಡಿಸಲು ಕೇಸು ಹಾಕಿದ. ಅದು ನಡೆದ ಅಷ್ಟು ದಿನವೂ ಅವನ ಅಂಗಿ ಹೊಲಿದವನು ಕಂಠಪ್ಪನೇ. ಕಾಗದಪತ್ರ ಬೆವರಿಗೆ ನೆನೆಯಬಾರದೆಂದು ಒಳಜೇಬು ಇಟ್ಟವನೂ ಅವನೇ.

*

ತಡೆಯಲಾರದೆ ಷಣ್ಮುಖಪ್ಪ ಎದ್ದು ಹೋದ. ಬಾಗಿಲಲ್ಲಿ ಎದುರುಮನೆಯ ಮುದುಕಿ ಪುಟ್ಟಮಾದಮ್ಮ ಎಲೆಯಡಿಕೆ ಜಗಿಯುತ್ತ ಕೂತಿದ್ದಳು.

"ಬಾಪ್ಪ ಮಾಲೀಕ. ಖಾಲಿಯಾಯ್ತಾ ಅಂತ ನೋಡಾಕ್ ಬಂದ್ಯಾ?"

ಷಣ್ಮುಖಪ್ಪ ತಲೆ ತಗ್ಗಿಸಿ ಒಳಗೆ ನಡೆದ. ಯಾರೂ ಒಯ್ಯದ ನಾಲ್ಕೈದು ಅಂಗಿಗಳು ತೊಲೆಯಿಂದ ಮೆಲ್ಲಗೆ ಆಡುತ್ತಿದ್ದವು. ಅವುಗಳ ಕೆಳಗೆ, ಎರಡು ರಾಗಿಮೂಟೆಗಳ ನಡುವೆ, ಕಂಠಪ್ಪ ಗೋಡೆಗೊರಗಿ ನೆಟ್ಟಗೆ ಕೂತಿದ್ದ. ಹಣೆಯ ಬಟ್ಟೆಯ ಒಂದು ತುದಿಯನ್ನು ಹೆಂಡತಿ ಶಿವರುದ್ರಮ್ಮ, ಇನ್ನೊಂದನ್ನು ಹದಿನಾರರ ಮಗಳು ಗುರುಶಾಂತಮ್ಮ ಕೈಯಲ್ಲಿ ಎಳೆದು ಹಿಡಿದಿದ್ದರು. ಮುಂಜಾನೆಯಿಂದ ಹೀಗೇ ಕೂತಿದ್ದಾರೆ, ಹನಗೋಡಿನಿಂದ ಕಂಠಪ್ಪನ ತಂಗಿ ಬರುವ ತನಕ ಎತ್ತುವಂತಿಲ್ಲ ಎಂದು ಯಾರೋ ಪಿಸುಗುಟ್ಟಿದರು.

ರಾವಂದೂರಿನಿಂದ ಬಂದಿದ್ದ ಕಂಠಪ್ಪನ ಅಣ್ಣ ಚನ್ನಬಸವಣ್ಣ ಹೇಳಿ ಹೇಳಿ ಸೋತಿದ್ದ. ಜಗಲಿಯ ಕಂಬಕ್ಕೆ ಕಟ್ಟಿ ಕೂರಿಸೋಣವೆಂದರೆ, ಬೀದಿಗೆ ತಂದರೆ ಮನೆ ಬಿಟ್ಟುಕೊಟ್ಟ ಹಾಗಾಗುತ್ತದೆ ಎಂದಳಂತೆ ಶಿವರುದ್ರಮ್ಮ. ತೊಲೆಗೆ ಹಗ್ಗ ಬಿಗಿಯೋಣವೆಂದರೆ, ನೇಣು ಹಾಕಿಕೊಂಡವರ ಹಾಗೆ ಕಾಣುತ್ತಾರೆ ಎಂದಳಂತೆ.

ಷಣ್ಮುಖಪ್ಪನ ಬಾಯಿಂದ ಮಾತು ತಾನಾಗಿ ಬಂತು. "ನನ್ನತ್ರ ಮೊಳೆ ಅವೆ, ತತ್ತೀನಿ. ಹೊಡ್ಕಳಿ."

ಕೂತವರೆಲ್ಲ ಎಷ್ಟು ದೊಡ್ಡ ಮನಸ್ಸು ಎನ್ನುವ ಹಾಗೆ ನೋಡಿದರು. ಹೆಣದ ಮೇಲಿನ ಮರುಕಕ್ಕೆ ಅಂದನೋ, ಜೇಬಿನಲ್ಲಿದ್ದ ಅರ್ಜಿಗಾಗಿ ಅಂದನೋ, ಅವನಿಗೇ ತಿಳಿಯಲಿಲ್ಲ. ಶಿವರುದ್ರಮ್ಮ ಅವನ ಮುಖ ನೋಡಲಿಲ್ಲ. ಗಂಡ ಹೊಲಿದ ಒಳಜೇಬು ಎಲ್ಲಿದೆಯೆಂದು ಗೊತ್ತಿದ್ದವಳು, ಅಲ್ಲೇ ನೋಡಿದಳು.

"ಬ್ಯಾಡಿ ಅಣ್ಣ. ನಿಮ್ಮಪ್ಪಾರಿಗೆ ಮಾತು ಕೊಟ್ಟವ್ರೆ."

"ಕೊಟ್ಟೋನೇ ಹೋದ ಕಣವ್ವ. ಇನ್ನೆಲ್ಲಿ ಮಾತು?" ಎಂದ ಚನ್ನಬಸವಣ್ಣ.

"ಅವ್ರು ಹೋದ್ರು ಭಾವ. ನಾನೂ ಮಗಳೂ ಇಲ್ಲೇ ಇರಬೇಕಲ್ಲ."

ಅಷ್ಟರಲ್ಲಿ ಹುಡುಗಿಯ ಕೈ ಸೋತಿತು. ಬಟ್ಟೆ ಸಡಿಲಿ ಕಂಠಪ್ಪನ ತಲೆ ನಿಧಾನವಾಗಿ ಒಂದು ಕಡೆಗೆ ಬಂತು. ಹತ್ತಿರವಿದ್ದವನು ಷಣ್ಮುಖಪ್ಪ. ಬಗ್ಗಿ ತುದಿಯನ್ನು ಹಿಡಿದುಕೊಂಡ. ಹುಡುಗಿ ಮುಂಗೈ ತಿಕ್ಕಿಕೊಳ್ಳುತ್ತ ಎದ್ದು ಹೋದಳು. ಅವನ ಕೈಯಿಂದ ಬಟ್ಟೆ ಈಸಿಕೊಳ್ಳಲು ಯಾರೂ ಮುಂದೆ ಬರಲಿಲ್ಲ.

ಮೊದಲು ಭಾರವೇ ಅನ್ನಿಸಲಿಲ್ಲ. ಹೊತ್ತು ಹೋದ ಹಾಗೆ ಮಣಿಕಟ್ಟು ಸೆಳೆಯತೊಡಗಿತು. ಎಷ್ಟು ಬಿಗಿಹಿಡಿದರೂ ತಲೆ ಅವನ ಕಡೆಗೇ ಒಂದಿಷ್ಟು ಬರುತ್ತಿತ್ತು, ಬದುಕಿದ್ದಾಗ ತೋಳಿನ ಅಳತೆ ನೋಡಲು ಬಗ್ಗುತ್ತಿದ್ದ ಹಾಗೆ. ವಿಭೂತಿ ಅವನ ಕೈಮೇಲೆ ಉದುರುತ್ತಿತ್ತು.

"ಬುಡಬ್ಯಾಡಿ" ಎಂದಳು ಶಿವರುದ್ರಮ್ಮ, ಅವನಿಗೆ ಮಾತ್ರ ಕೇಳುವ ಹಾಗೆ.

*

ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಸರ್ಕಾರದ ಬಾಡಿಗೆ ಕಂಟ್ರೋಲರು ಸ್ಥಳ ನೋಡಲು ಬಂದಿದ್ದರು. ಬಾಡಿಗೆದಾರ ಮನೆ ಹಾಳು ಮಾಡಿದ್ದಾನೆ ಎಂದು ಷಣ್ಮುಖಪ್ಪ ಬರೆದುಕೊಟ್ಟಿದ್ದ. ಸಾಹೇಬರು ಪೇಟ ತೆಗೆದು, ತೂಗುವ ಅಂಗಿಗಳ ನಡುವೆ ದಾರಿ ಮಾಡಿಕೊಂಡು, ಗೋಡೆಯುದ್ದಕ್ಕೂ ಅಂಗೈ ಸವರಿದರು. ಒಂದು ತೂತಿಲ್ಲ. ಆಮೇಲೆ ಇದೇ ಗೋಡೆಯನ್ನು ಷಣ್ಮುಖಪ್ಪನ ಕಡೆಯಿಂದಲೂ ನೋಡಬೇಕೆಂದರು. ಅಲ್ಲಿ ಹನ್ನೊಂದು ಮೊಳೆ.

"ಗೋಡೆ ಹಾಳು ಮಾಡ್ತಿರೋರು ಯಾರ್ರೀ?" ಎಂದು ಕೇಳಿದರು. ಬೀದಿಯೆಲ್ಲ ನಕ್ಕಿತು, ಕಂಠಪ್ಪನೊಬ್ಬ ನಗಲಿಲ್ಲ.

ಅರ್ಜಿ ಬಿದ್ದುಹೋಯಿತು. ಹೊಸದಾಗಿ ಹಾನಿ ತೋರಿಸಿದರೆ ಮತ್ತೆ ಹಾಕಬಹುದು ಎಂದರು ವಕೀಲರು. 'ಗೋಡೆಗೆ ಮೊಳೆ ಹೊಡೆದು' ಎಂದು ಬರೆಸಿಟ್ಟುಕೊಂಡ ಕಾಗದ ನಾಲ್ಕು ವರ್ಷ ತಾರೀಖಿಗಾಗಿ ಕಾದಿತ್ತು.

*

ಹನಗೋಡಿನ ತಂಗಿ ಬಂದಾಗ ಮಧ್ಯಾಹ್ನ ತಿರುಗಿತ್ತು. ಹೆಣ ಕೂರಿಸಿ ಹೊರುವ ಬಿದಿರಿನ ವಿಮಾನ ಕಟ್ಟಿ ಮುಗಿದಿತ್ತು. ನಾಲ್ಕು ಜನ ಕಂಠಪ್ಪನನ್ನು ಕೂತ ಹಾಗೇ ಎತ್ತಿದರು. ಷಣ್ಮುಖಪ್ಪನ ಬೆರಳು ಬಟ್ಟೆ ಬಿಡಲಿಲ್ಲ, ಚನ್ನಬಸವಣ್ಣ ಒಂದೊಂದಾಗಿ ಬಿಡಿಸಬೇಕಾಯಿತು.

ಗೋಡೆಯ ಮೇಲೆ ವಿಭೂತಿಯಲ್ಲಿ ಒಬ್ಬ ಮನುಷ್ಯನ ತಲೆ, ಹೆಗಲು, ಬೆನ್ನು ಉಳಿದಿತ್ತು.

ಶಿವರುದ್ರಮ್ಮ ಅದನ್ನು ನೋಡಿ ಗಾಬರಿಯಾದಳು. "ಸುಣ್ಣ ಬಳಿಸ್ಕೊಡ್ತೀನಿ ಅಣ್ಣ" ಎಂದಳು.

"ಇರ್ಲಿ ಬುಡು ತಾಯಿ" ಎಂದ ಷಣ್ಮುಖಪ್ಪ.

ಮಣ್ಣು ಮಾಡಿ ಬಂದು, ಮಿಂದು, ಹಗ್ಗಕ್ಕೆ ಹಾಕಿದ್ದ ಇನ್ನೊಂದು ಪಂಚೆ ಉಟ್ಟ. ಕಳಚಿಟ್ಟಿದ್ದ ಅಂಗಿಯನ್ನು ಎಂದಿನಂತೆ ಅಪ್ಪನ ಮೊಳೆಗೆ ತಗುಲಿಹಾಕಲು ಕೈ ಎತ್ತಿದ. ಗೋಡೆಯಾಚೆ ಕಂಠಪ್ಪನ ತಲೆಯಿದ್ದದ್ದು ಅದೇ ನೇರಕ್ಕೆ. ಮಣಿಕಟ್ಟು ಇನ್ನೂ ಸೆಳೆಯುತ್ತಿತ್ತು, ಆ ತುದಿಯಲ್ಲಿ ಈಗಲೂ ಯಾರೋ ವಾಲುತ್ತಿರುವ ಹಾಗೆ. ಅಂಗಿಯನ್ನು ಮಡಿಸಿ, ಒಳಜೇಬು ಮುಟ್ಟದೆ, ನೆಲದ ಮೇಲಿಟ್ಟ.

ಅರ್ಜಿಗೆ ಅವನು ತಾರೀಖು ಹಾಕಲಿಲ್ಲ. ತಾಯಿ ಮಗಳು ಆ ಮನೆಯಲ್ಲೇ ಉಳಿದರು. ಕಂಠಪ್ಪ ಆ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದೆ ಹೋದ.