ಸಪ್ಪಳವಿಲ್ಲದ ಗಾಡಿ

ಕಿಟಕಿಯಿಂದ ಹುರುಳಿ ಹೊಟ್ಟಿನ ದೂಳು ನುಗ್ಗಿತು, ಮೂಗಿನಲ್ಲಿ ತುರಿಕೆ, ಇಷ್ಟು ಬೇಗ ಬಂದೇ ಬಿಟ್ಟಿತೇ ಆ ಜಾಗ — ಇಲ್ಲ, ಇದು ಓಬಳೆಪ್ಪನ ಹುರುಳಿ, ದುರುಗವ್ವನದು ಇನ್ನೂ ಮುಂದೆ, ಹಳ್ಳದ ಸೇತುವೆ ದಾಟಿದ ಮೇಲೆ, ಹಾಗಂದುಕೊಂಡು ವಿರುಪಣ್ಣ ಗೇರ್ ಇಳಿಸಿದ, ಇಳಿಸಿದ ಅನ್ನುವುದಕ್ಕಿಂತ ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಕೈ ತಾನೇ ಇಳಿಸಿತು ಅನ್ನಬೇಕು, ಮನಸ್ಸೆಲ್ಲಿ ಇಲ್ಲಿತ್ತು. ಗಾಲಿಯ ಕೆಳಗೆ ಒಣಗಿದ ಬಳ್ಳಿ ಚರಚರ ಮುರಿಯಿತು, ಕಾಯಿ ಒಡೆದು ಕಾಳು ಸಿಡಿಯಿತು, ಸಿಡಿಯಲಿ, ಅದಕ್ಕಾಗಿಯೇ ಅಲ್ಲವೇ ಟಾರು ರಸ್ತೆಯ ಮೇಲೆ ಹಾಸಿರುವುದು, ಎತ್ತು ಇದ್ದ ಕಾಲಕ್ಕೆ ಕಣದಲ್ಲಿ ಎತ್ತು ತುಳಿದವು, ಈಗ ಬಸ್ಸು ಲಾರಿ ತುಳಿಯುತ್ತವೆ, ಹಾದುಹೋಗುವವರೆಲ್ಲ ಪುಕ್ಕಟೆ ಆಳುಗಳು. ಹಿಂದಿನ ಸೀಟಿನಲ್ಲಿ ಪಕ್ಕೀರಪ್ಪ ಕಣ್ಣು ಮುಚ್ಚಿ ಒರಗಿದ್ದ, ಕಿಡ್ನಿ ಕೆಟ್ಟ ಮನುಷ್ಯ, ವಾರಕ್ಕೆ ಎರಡು ಸಲ ಊರಿನಿಂದ ಕೊಪ್ಪಳಕ್ಕೆ ಡಯಾಲಿಸಿಸ್‌ಗೆ, ಮೂರು ವರ್ಷದಿಂದ ಇದೇ ಗಾಡಿ, ಇದೇ ಡೀಸೆಲ್ ಗುಡುಗು, ನಿನ್ನ ಗಾಡಿ ಸಪ್ಪಳ ಕೇಳಿದ್ರ ನನಗ ನಿದ್ದಿ ಬರ್ತೈತಿ ವಿರುಪಣ್ಣಾ ಅನ್ನುತ್ತಾನೆ, ಮಲಗಲಿ ಪಾಪ. ಮಧ್ಯಾಹ್ನದೊಳಗೆ ಹೇಮಾಳಿಗೆ ಹೇಳಬೇಕು. ಮಗಳು, ಕೊಪ್ಪಳದಲ್ಲಿ ನರ್ಸು, ಅಪ್ಪನ ಮೇಲೆ ಪ್ರಾಣ, ಅದಕ್ಕೇ ಹಟ — ಈ ಗಾಡಿಗೆ ಹದಿನೈದು ವರ್ಷ ತುಂಬಿತಪ್ಪಾ, ನಿನಗ ಕಣ್ಣಿನ ಆಪರೇಶನ್ ಬ್ಯಾರೆ ಆಗೇತಿ, ಆ ಕರೆಂಟಿನ ಗಾಡಿ ತಗೊ, ಅದರ ಮುಂದ ಕ್ಯಾಮೆರಾ ಐತಿ, ಯಾರರ ಅಡ್ಡ ಬಂದ್ರ ತಾನ ನಿಂದರತೈತಿ, ಗೆರಿ ಹಿಡದು ತಾನ ಹೊಕ್ಕೈತಿ. ಗೆರೆಯಂತೆ ಗೆರೆ. ಇಲ್ಲಿ ಬಿಳಿ ಗೆರೆ ಎಳೆದ ವರ್ಷವೇ ಅಳಿಸಿಹೋಯಿತು, ಅಳಿಯದೆ ಉಳಿದದ್ದು ಓಬಳೆಪ್ಪನ ಹುರುಳಿಯ ಕೆಳಗಿದೆ, ಕುರಿ ಹಿಂಡು ಬಂದರೆ ಆ ಕ್ಯಾಮೆರಾ ಯಾವ ಕುರಿಗೆ ನಿಲ್ಲಬೇಕು, ಮುಂದಿನದಕ್ಕೋ ಕಟ್ಟಕಡೆಯದಕ್ಕೋ, ಕರೆಂಟು ಊರಿಗೆ ಸರದಿಯ ಮೇಲೆ ಬರುತ್ತದೆ, ಅರ್ಧ ಚಾರ್ಜಿನಲ್ಲಿ ಪಕ್ಕೀರಪ್ಪನನ್ನು ನಡುದಾರಿಯ ಬಯಲಿನಲ್ಲಿ ಇಟ್ಟುಕೊಂಡು ಕೂರುವುದೇ, ಬಳ್ಳಿ ಗಾಲಿಗೆ ಸುತ್ತಿ ಬೆಂಕಿ ಹತ್ತಿದರೆ, ಹೊಟ್ಟೆಯಡಿ ಅಷ್ಟಗಲ ಬ್ಯಾಟರಿ. ಇದನ್ನೆಲ್ಲ ಕೇಳಿದ್ದೂ ಆಯಿತು, ಷೋರೂಮಿನ ಗವಿಸಿದ್ದೇಶನ ಹತ್ತಿರ ಎಲ್ಲದಕ್ಕೂ ಉತ್ತರ ಇತ್ತು, ಪೇಶಂಟ್ ಒಳಗ ನಾಕ್ ತಾಸು ಮಲಗಿರ್ತಾನಲ್ರಿ ಕಾಕಾ, ಅಷ್ಟೊತ್ತಿಗೆ ನಿಮ್ಮ ಗಾಡಿ ಹೊರಗ ಚಾರ್ಜ್ ಆಗಿ ಕುಂತಿರತೈತಿ, ಒಪ್ಪುವ ಮಾತೇ, ಅಲ್ಲ ಅನ್ನಲಿಕ್ಕಾಗದು. ಕೇಳಬೇಕಾದ ಒಂದನ್ನು ಮಾತ್ರ ವಿರುಪಣ್ಣ ಕೇಳಲಿಲ್ಲ.

ನಿನ್ನೆ, ಹೌದು, ನಿನ್ನೆಯೇ, ಓಡಿಸಿ ನೋಡ್ರಿ ಅಂತ ಆ ಗಾಡಿಯನ್ನು ಗವಿಸಿದ್ದೇಶ ಮನೆಯ ಮುಂದೆ ತಂದು ನಿಲ್ಲಿಸಿದ್ದ, ಬಂದದ್ದು ಯಾರಿಗೂ ಗೊತ್ತಾಗಲಿಲ್ಲ, ಕಟ್ಟೆಯ ಕೆಳಗಿನ ನಾಯಿ ಕೂಡ ಬೊಗಳಲಿಲ್ಲ, ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಮಹೇಶ್ವರಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ಇದೇನಿದು ಕಳ್ಳ ಬಂದಂಗ ಬಂದೈತಿ ಅಂದಳು. ಸ್ಟಾರ್ಟ್ ಮಾಡ್ರಿ ಕಾಕಾ. ಮಾಡಿದ, ಏನೂ ಆಗಲಿಲ್ಲ. ಆಗೇತ್ರಿ, ಬಿಡ್ರಿನ್ನ. ಬಿಟ್ಟ, ಎಣ್ಣೆಯಲ್ಲಿ ಜಾರಿದ ಹಾಗೆ ಹೋಯಿತು, ಸುಳ್ಳೇಕೆ ಹೇಳಬೇಕು, ಸುಖ ಅಂದರೆ ಸುಖ, ಸೊಂಟಕ್ಕೆ ಒಂದು ಕುಲುಕು ಇಲ್ಲ, ಷೋರೂಮಿನವರು ಗಾಡಿಯ ಬಾಗಿಲಿಗೆ ಕಟ್ಟಿದ ಬಲೂನಿನ ಸಪ್ಪಳ ಸಹ ಕೇಳುತ್ತದೆ, ಮೆತ್ತಗೆ ಗುಂಯ್ ಅಂತ ಒಂದು ಸದ್ದು ಇಟ್ಟಿದ್ದಾರಂತೆ ಹೊರಗಿನವರಿಗೆ, ಗಾಳಿಗೆ ಒಣಬಳ್ಳಿ ಬುಸುಗುಡುವ ಈ ರಸ್ತೆಯಲ್ಲಿ ಅದು ಯಾರ ಕಿವಿಗೆ. ಸೇತುವೆ ದಾಟಿತು. ದುರುಗವ್ವ ನಡುರಸ್ತೆಯಲ್ಲಿ ಬೆನ್ನು ಮಾಡಿ ನಿಂತು ಹುರುಳಿ ತಿರುವಿ ಹಾಕುತ್ತಿದ್ದಳು, ಹಸಿರು ಕುಪ್ಪಸ, ಬೆನ್ನಿನ ನಡುವೆ ಅಂಗೈಯಗಲ ಬೆವರಿನ ಕಲೆ, ಕೈಯಲ್ಲಿ ಮರದ ಹಲ್ಲಿನ ಜಂತಕುಂಟಿ, ಮುಂದೆ ಚಾಚಿ ಬಳ್ಳಿ ಹಿಡಿದು ತನ್ನತ್ತ ಎಳೆಯುವುದು, ಎಳೆದಾಗ ಕೋಲಿನ ತುದಿ ಹಿಂದೆ ಚಾಚುವುದು. ಸರಿಯುತ್ತಾಳೆ ಅಂದುಕೊಂಡ. ರಸ್ತೆಯಲ್ಲಿ ರಾಶಿ ಮಾಡುವವರು ತಿರುಗಿ ನೋಡುವುದಿಲ್ಲ, ಎಂದೂ ನೋಡಿಲ್ಲ, ಕಿವಿಯಲ್ಲೇ ಅಳೆಯುತ್ತಾರೆ, ಬಸ್ಸಿಗೆ ರಸ್ತೆಯಂಚಿಗೆ, ಜೀಪಿಗೆ ನಾಲ್ಕು ಹೆಜ್ಜೆ, ಬೈಕಿಗೆ ಒಂದೇ ಹೆಜ್ಜೆ, ಹಾರ್ನ್ ಬಡಿಯುವುದು ಈ ಕಡೆಯ ಡ್ರೈವರುಗಳಲ್ಲಿ ರೂಢಿಯಿಲ್ಲ, ರಾಶಿಯ ಮೇಲಿದ್ದವರಿಗೆ ಹಾರ್ನ್ ಬಡಿದರೆ ಬೈದ ಹಾಗೆ. ಈಗ ಸರಿಯುತ್ತಾಳೆ. ಇನ್ನೇನು ಸರಿದಳು. ಸರಿಯಲಿಲ್ಲ — ಎದುರಿನ ಪರದೆ ಕೆಂಪಾಯಿತು, ಏನೋ ಚೀರಿತು, ಬೆಲ್ಟು ಎದೆಗೆ ಒತ್ತಿತು, ಕಾಲು ಬ್ರೇಕಿನ ಮೇಲಿತ್ತು, ಗಾಡಿ ನಿಂತಿತ್ತು, ಆಕೆ ಕುಂಟಿ ಎಳೆದಳು, ಕೋಲಿನ ತುದಿ ಬಾನೆಟ್ಟಿಗೆ ಬಡಿಯಿತು, ಟಕ್. ಆಮೇಲೆ ತಿರುಗಿದಳು. ಯಾವಾಗ ಬಂದ್ರಿ ಯಣ್ಣಾ, ಅಂದಳು. ಬಾಗಿಲಿಗೆ ಬಂದ ಬೀಗರನ್ನು ಕೇಳಿದ ಹಾಗೆ, ನಕ್ಕೋತ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. ಪಕ್ಕದಲ್ಲಿ ಕುಳಿತಿದ್ದ ಗವಿಸಿದ್ದೇಶನ ಮುಖ ಬಿಳಚಿಕೊಂಡಿತ್ತು, ಆದರೂ ವ್ಯಾಪಾರದವನಲ್ಲವೇ, ನೋಡಿದ್ರಿಲ್ಲ ಕಾಕಾ, ಗಾಡೀನ ಬ್ರೇಕ್ ಹಾಕ್ತು, ಅಂದ. ಇಲ್ಲಪಾ, ನಾ ಹಾಕಿದ್ದು, ಅಂದ ವಿರುಪಣ್ಣ. ಹೌದ್ರೇನು, ಯಾರ ಹಾಕಿದ್ರೇನ್ ಬಿಡ್ರಿ, ನಿಂತಿತಲ್ಲ. ಮನೆಗೆ ಬಂದು ವಿರುಪಣ್ಣ ಆ ಗಾಡಿಗೆ ಬಾಯಿಗೆ ಬಂದದ್ದು ಅಂದ, ಅದು ಗಾಡಿ ಅಲ್ಲ ಯಮನ ಕೋಣ, ಸಪ್ಪಳ ಇಲ್ಲದ್ದು ಮನುಷ್ಯರ ನಡುವೆ ಓಡಾಡಬಾರದು, ನಡೆದದ್ದನ್ನು ಮಾತ್ರ ಹೇಳಲಿಲ್ಲ, ಮಹೇಶ್ವರಿ ರೊಟ್ಟಿ ತಿರುವಿ ಹಾಕುತ್ತ, ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ, ಅಂದಳು, ಸುಮ್ಮನೆ ಚಾಷ್ಟಿಗೆ ಅಂದದ್ದು, ಆದರೂ ವಿರುಪಣ್ಣ ಅರ್ಧ ರೊಟ್ಟಿಗೇ ಎದ್ದ.

ಈಗ ಸೇತುವೆ ಬಂತು. ಮೂವತ್ತು ವರ್ಷದಲ್ಲಿ ಒಂದು ಕೋಳಿಮರಿಗೂ ಗಾಲಿ ತಾಗಿಸಿದವನಲ್ಲ, ಈ ಮಾತನ್ನು ಎಷ್ಟು ಕಡೆ ಎಷ್ಟು ಸಲ ಹೇಳಿಲ್ಲ, ಕುಷ್ಟಗಿ ಸ್ಟ್ಯಾಂಡಿನಲ್ಲಿ, ಹೇಮಾಳ ಲಗ್ನದಲ್ಲಿ ಬೀಗರ ಮುಂದೆ, ಬಸುರಿ ಹೆಂಗಸರನ್ನು ಕರೆದೊಯ್ಯುವುದಿದ್ದರೆ ವಿರುಪಣ್ಣನ ಗಾಡೀನ ಬೇಕು ಅಂತ ಯಲಬುರ್ಗಿಯಿಂದ ಫೋನು ಬರುತ್ತಿತ್ತು, ಕೈ ಅಂದ್ರ ವಿರುಪಣ್ಣಂದು ಅನ್ನುತ್ತಿದ್ದರು, ಅದನ್ನು ಕೇಳಿಕೊಂಡು ಎದೆ ಉಬ್ಬಿಸಿ ಬದುಕಿದ್ದು. ನಿನ್ನೆ ಕಾಲು ಮೊದಲು ಬ್ರೇಕಿಗೆ ಹೋಯಿತು, ಆಮೇಲೆ ಪರದೆ ಕೆಂಪಾಯಿತು, ಹಾಗೇ ಆಗಿದ್ದು. ಅಥವಾ ಪೆಡಲ್ಲೇ ಕಾಲಿನಡಿಯಿಂದ ತಾನಾಗಿ ಕೆಳಗೆ ಹೋಯಿತೇ, ಬಾವಿಯಲ್ಲಿ ಮೆಟ್ಟಿಲು ಇದೆ ಅಂದುಕೊಂಡು ಕಾಲಿಟ್ಟರೆ ಇರುವುದಿಲ್ಲವಲ್ಲ, ಹಾಗೆ. ಗವಿಸಿದ್ದೇಶನನ್ನು ಕೇಳದೆ ಬಿಟ್ಟದ್ದೂ ಇದನ್ನೇ, ರಾತ್ರಿಯೆಲ್ಲ ಇದೇ, ಹಾಸಿಗೆಯಲ್ಲಿ ಬಲಗಾಲು ತಾನೇ ಒತ್ತುತ್ತಿತ್ತು. ಅಗೋ ದುರುಗವ್ವ. ಇಂದೂ ಬೆನ್ನು, ಇಂದೂ ಹಸಿರು ಕುಪ್ಪಸ, ಇನ್ನೂ ನೂರು ಮಾರು ದೂರವಿದೆ, ಡೀಸೆಲ್ ಗಾಡಿ ಗುಡುಗುಡು ಅನ್ನುತ್ತಿದೆ, ಕುಂಟಿ ಎಳೆಯುತ್ತ ಎಳೆಯುತ್ತಲೇ ಆಕೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದಳು, ತಿರುಗಿ ನೋಡಲಿಲ್ಲ, ಎಡಗೈ ಮಾತ್ರ ಎತ್ತಿದಳು, ಹೋಗು ವಿರುಪಣ್ಣಾ ಅನ್ನುವ ಹಾಗೆ, ಸಪ್ಪಳದ ಮೇಲೇ ಗುರುತು. ಆತ ಬ್ರೇಕು ಮುಟ್ಟಲಿಲ್ಲ. ಮುಟ್ಟುವ ಕೆಲಸವೇ ಬೀಳಲಿಲ್ಲ — ಮುಟ್ಟುವ ಕೆಲಸ ಯಾವತ್ತು ಬಿದ್ದಿತ್ತು, ಯಾವ ವರ್ಷ ಬಿದ್ದಿತ್ತು, ಹೆಂಗಸರು ಸರಿದರು, ಮಕ್ಕಳು ಸರಿದವು, ಕೋಳಿಗಳೂ ರೆಕ್ಕೆ ಬಡಿದು ಸರಿದವು, ಎಲ್ಲರೂ ಆತನ ಗಾಡಿಯಿಂದ ತಮ್ಮನ್ನು ತಾವೇ ಉಳಿಸಿಕೊಂಡರು, ಆತ ತನ್ನ ಕೈ ಛಲೋ ಅಂದುಕೊಂಡ. ಬೇವಿನ ಮರದ ನೆರಳಿಗೆ ಗಾಡಿ ಹಚ್ಚಿ ಎಂಜಿನ್ ಆರಿಸಿದ.

ಯಾಕೋ ತಮ್ಮಾ, ನಿಂತಿ, ಪಕ್ಕೀರಪ್ಪ ಕಣ್ಣು ತೆರೆಯದೆ ಕೇಳಿದ, ಸಪ್ಪಳ ನಿಂತದ್ದಕ್ಕೆ ಎಚ್ಚರ. ಎರಡು ನಿಮಿಷ ಮಾವಾ, ಹೇಮಾಗ ಫೋನ್ ಮಾಡಬೇಕು. ಮಾಡು, ನನಗ ಹತ್ತರ ತನಕ ಗಡಿಬಿಡಿ ಇಲ್ಲ. ಫೋನು ಕೈಯಲ್ಲಿ, ಬಲಗಾಲು ನಿಂತ ಗಾಡಿಯ ಬ್ರೇಕಿನ ಮೇಲೆ, ಒತ್ತಿದ, ಬಿಟ್ಟ, ಒತ್ತಿದ. ಕೆಂಪು ಪರದೆ. ಬೆಲ್ಟು. ಕಾಲು. ಅಲ್ಲ, ಕಾಲು ಎಲ್ಲಿತ್ತು, ನೆಟ್ಟಗೆ ನೆನಪಿಸಿಕೊ ವಿರುಪಣ್ಣಾ, ನಿನಗೆ ನೀನೇ ಸುಳ್ಳು ಹೇಳಿಕೊಂಡು ಯಾರಿಗೆ ಲಾಭ, ಕೋಲು ಬಡಿದಾಗ ಮೈ ಜುಂ ಅಂದಿತ್ತಲ್ಲ, ಮೊಣಕಾಲು ಸ್ಟೇರಿಂಗಿನ ಅಡಿಗೆ ತಾಗಿತ್ತಲ್ಲ, ಈಗಲೂ ಅಲ್ಲಿ ನೋವಿದೆ, ಬ್ರೇಕ್ ಒತ್ತಿಕೊಂಡು ಕುಳಿತವನ ಮೊಣಕಾಲು ಅಲ್ಲಿಗೇಕೆ ಏರಬೇಕು. ಬೆಚ್ಚಿದ್ದು. ಟಕ್ ಅಂದ ಮೇಲೆ ಬೆಚ್ಚಿ, ಆಮೇಲೆ ಬ್ರೇಕಿನ ಮೇಲೆ ಬಿದ್ದ ಕಾಲು ಅದು, ನಿಂತ ಗಾಡಿಯನ್ನು ನಿಲ್ಲಿಸಲು ಹೋದ ಕಾಲು. ಫೋನೇ ಬಡಿಯಿತು, ಹೇಮಾ. ಏನಪ್ಪಾ, ಬುಕ್ ಮಾಡ್ಲೇನು, ಗವಿಸಿದ್ದೇಶಣ್ಣ ಕೇಳಾಕ ಹತ್ಯಾನ. ಮಾಡವಾ. ಖರೇನ, ಮತ್ತ ಅವ್ವ ನೀ ಒಲ್ಲಿ ಅಂತಿ ಅಂದ್ಲು. ಮಾಡು, ಆದ್ರ ಹೊಡ್ಯಾಕ ಬ್ಯಾರೆ ಯಾರನ್ನರ ನೋಡು. ಯಾಕಪ್ಪಾ, ಏನಾತು, ನಿನ್ನಿ ಛಂದ ಹೊಡದ್ರು ಕಾಕಾ ಅಂದ್ನಲ್ಲ ಗವಿಸಿದ್ದೇಶಣ್ಣ. ಹಿಂದೆ ಪಕ್ಕೀರಪ್ಪನ ಕಣ್ಣು ಪೂರಾ ತೆರೆದಿತ್ತು. ನಿನ್ನಿ ಬ್ರೇಕ್ ನಾ ಹಾಕಿಲ್ಲವಾ, ಅಂದ. ಅತ್ತ ಕಡೆಯಿಂದ ಅಪ್ಪಾ, ಅಪ್ಪಾ ಕೇಳಸ್ತೈತೇನು, ಕೇಳುತ್ತಿತ್ತು, ಬಹಳ ದೂರದಿಂದ, ಕಿಟಕಿ ಪಕ್ಕದ ಕನ್ನಡಿಯಲ್ಲಿ ದುರುಗವ್ವ ಮತ್ತೆ ನಡುರಸ್ತೆಗೆ ಬಂದಿದ್ದಾಳೆ, ಆ ಕಡೆಯ ಬಳ್ಳಿ ಮುಗಿಸಿ ಇತ್ತ ಬೆನ್ನು ಮಾಡಿದ್ದಾಳೆ, ಹಸಿರು ಕುಪ್ಪಸ, ಅಂಗೈಯಗಲ ಬೆವರು, ಎಳೆದಾಗ ಹಿಂದೆ ಚಾಚುವ ಕೋಲು, ಮೊದಲು ಟಕ್, ಆಮೇಲೆ ಕಾಲು, ಮೊದಲು ಟಕ್, ಯಾವಾಗ ಬಂದ್ರಿ ಯಣ್ಣಾ, ಮೊದಲು ಟಕ್, ಆ ಬೆನ್ನು, ಸರಿಯದ ಆ ಬೆನ್ನು